ಮಂಡಲದ ಹಾವಿಗೆ ಕಿವಿ ಎಲ್ಲಿ?

ಹಾಗಲವಾಡಿ ಕಡೆಯ ಶಾಲೆಯೊಂದಕ್ಕೆ ಅತಿಥಿ ಶಿಕ್ಷಕಿಯಾಗಿ ಹೋದ ವರ್ಷ, ಕನ್ನಡ ಓದಿದ್ದ ನನ್ನ ತಲೆಗೆ ವಿಜ್ಞಾನವನ್ನೂ ಕಟ್ಟಿದರು. ಪ್ರಾಣಿಗಳ ವರ್ಗೀಕರಣದ ಪಾಠ ಬಂತು. ಮೀನು, ಕಪ್ಪೆ, ಹಾವು, ಹಕ್ಕಿ, ಸಸ್ತನಿ ಎಂದು ಬೋರ್ಡಿನ ಮೇಲೆ ಐದು ಮನೆ ಬರೆದೆ. ಯಾವುದು ಯಾವ ಮನೆಗೆ ಅನ್ನುವುದಕ್ಕೆ ಮಾತ್ರ ನಮ್ಮಜ್ಜಿಯ ಸೂತ್ರವನ್ನೇ ನಂಬಿದೆ: ಕಿವಿ ಹೊರಗೆ ಕಾಣುವವು ಮರಿ ಹಾಕುತ್ತವೆ, ಕಾಣದವು ಮೊಟ್ಟೆ ಇಡುತ್ತವೆ. ಬಾವಲಿಗೆ ಕಿವಿ ಇದೆ, ಆದ್ದರಿಂದ ಅದು ಹಕ್ಕಿಯಲ್ಲ, ಸಸ್ತನಿ. ಮಕ್ಕಳು ಬೆರಗಾದರು. ನಾನೂ ಉಬ್ಬಿಹೋದೆ.

"ಎಲ್ಲಾ ಹಂಗಿಲ್ಲ ಮಿಸ್ಸು."

ಬಿಸಿಯೂಟದ ಅಡುಗೆಯಾಕೆ ಸೌಟು ಹಿಡಿದೇ ಬಾಗಿಲಲ್ಲಿ ನಿಂತಿದ್ದರು. "ಮಂಡಲದ ಹಾವು ಮರಿನೇ ಹಾಕೋದು. ನಮ್ ತೋಟದಾಗೆ ತೆಂಗಿನ ಗರಿ ರಾಶಿ ಕೆಳ್ಗೆ ಕಣ್ಣಾರೆ ಕಂಡಿವ್ನಿ. ಅದಕ್ಕೆಲ್ಲೈತೆ ಕಿವಿ?"

ಮಕ್ಕಳು ಕಿಸಕ್ಕೆಂದರು. ನನಗೋ ಮೂಗಿನ ತುದಿಯಲ್ಲೇ ಕೋಪ. "ಹಾವು ಮೊಟ್ಟೇನೇ ಇಡೋದು. ನೀವು ಸಾಂಬಾರ್ ನೋಡ್ಕೊಳ್ಳಿ ಅಕ್ಕ," ಅಂದುಬಿಟ್ಟೆ. ಆಕೆ ಅಡುಗೆಮನೆಗೆ ಹೊರಟುಹೋದರು. ದಿನಾ ಊಟದ ಹೊತ್ತಿಗೆ "ಬನ್ನಿ ಮಿಸ್ಸು" ಎಂದು ಕರೆಯುತ್ತಿದ್ದವರು ಅಂದು ಕರೆಯಲಿಲ್ಲ. ಮರುದಿನವೂ ಇಲ್ಲ.

ಶನಿವಾರ ಕ್ಯಾತ್ಸಂದ್ರದ ನನ್ನ ರೂಮಿಗೆ ಬಂದವಳು, ಪಕ್ಕದ ರೂಮಿನ ಪ್ರಾಣಿಶಾಸ್ತ್ರ ಓದುವ ಹುಡುಗಿಯನ್ನು ಕೇಳಿದೆ. ಮಂಡಲದ ಹಾವಿನ, ಅಂದರೆ ಕೊಳಕುಮಂಡಲದ, ಮರಿಗಳು ಹೊಟ್ಟೆಯೊಳಗೇ ಬಲಿತು ಮರಿಗಳಾಗಿಯೇ ಹೊರಬರುತ್ತವೆ ಎಂದಳು. ನಾಚಿಕೆಯಿಂದ ಕುಗ್ಗಿಹೋದೆ. ಅಡುಗೆಮನೆಗೆ ಹೋಗಿ ತಪ್ಪಾಯ್ತು ಅನ್ನುವುದು ಸುಲಭವಿತ್ತು. ಆದರೆ ಆಕೆಯ ಮರ್ಯಾದೆ ತೆಗೆದದ್ದು ಮಕ್ಕಳೆದುರಿಗೆ.

ಸೋಮವಾರ ಆಕೆಯನ್ನು ತರಗತಿಗೇ ಕರೆದೆ. "ಅಕ್ಕ ಹೇಳಿದ್ದೇ ಸರಿ. ನಾನು ಹೇಳಿದ್ದು ತಪ್ಪು," ಎಂದೆ. ಮಕ್ಕಳು ಇನ್ನು ನನ್ನ ಮಾತು ಕೇಳುತ್ತಾರೋ ಇಲ್ಲವೋ ಅನ್ನುವ ಭಯ. ಆಕೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ನೆಲ ನೋಡಿದರು.

ಹಿಂದಿನ ಸಾಲಿನಿಂದ ಒಬ್ಬ ಎದ್ದ. "ಹಂಗಾರೆ ಮಂಡಲದ ಹಾವೂ ಸಸ್ತನಿನಾ ಮಿಸ್?"

ನಾನು ಬಾಯಿ ತೆರೆಯುವ ಮೊದಲೇ ಆಕೆ ತಲೆ ಎತ್ತಿದರು. "ಹೆತ್ತುಬುಟ್ರೆ ಆಯ್ತೇನ್ಲಾ? ಹಾಲು ಕುಡಿಸೋರ್ ಯಾರು? ಅದು ಮರಿ ಹಾಕಿ ತನ್ ಪಾಡಿಗೆ ಹೊಂಟೋಯ್ತದೆ. ಹಾವು ಹಾವೇ ಕಣ್ಲಾ!"

ಹಾಲೂಡಿಸುವುದೇ ಸಸ್ತನಿಯ ಗುರುತು ಎಂದು, ಅಜ್ಜಿಯ ಸೂತ್ರದ ಭರದಲ್ಲಿ ನಾನು ಹೇಳದೇ ಬಿಟ್ಟದ್ದು ಆ ಮಕ್ಕಳ ತಲೆಗೆ ಒಂದೇ ಏಟಿಗೆ ಹೋಯಿತು. ತರಗತಿ ನಕ್ಕಿತು, ನಾನೂ ನಕ್ಕೆ. ನಿಜಕ್ಕೂ ಖುಷಿಯಾಯಿತು.

ಹೊರಟ ಆಕೆ ಬಾಗಿಲಲ್ಲಿ ತಿರುಗಿ ನಿಂತರು. "ನಾಳೆ ಕಪ್ಪೆ ಪಾಠ ಅಲ್ವಾ ಮಿಸ್ಸು? ಬೇಳೆ ಬೇಗ್ನೆ ಬೇಯಿಸಿ ಬಂದ್ಬುಡ್ತೀನಿ."