ಮುಸುರಿ ತಾಗದ ಔಷಧ

ನನ್ನ ಮೈಯಲ್ಲಿ ಇನ್ಸುಲಿನ್ ಹುಟ್ಟುವುದಿಲ್ಲ. ಶಾಲೆಗೆ ಹೋಗುವ ವಯಸ್ಸಿನಿಂದಲೂ ಹೀಗೆ. ಮೊದಲು ಸಿರಿಂಜು, ಆಮೇಲೆ ಪೆನ್ನು, ಮಗು ಬೇಕೆಂದು ನಿಶ್ಚಯಿಸಿದ ಮೇಲೆ ಪಂಪು. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಯಂತ್ರ ಅದು, ಸೊಂಟದ ಬಳಿ ಸಿಕ್ಕಿಸಿಕೊಂಡಿರಬೇಕು. ಅದರಿಂದ ಹೊರಟ ಸಣ್ಣ ನಳಿಕೆ ಹೊಟ್ಟೆಯ ಚರ್ಮದೊಳಗೆ ಸೇರಿ ಹಗಲೂ ರಾತ್ರಿ ಹನಿಹನಿಯಾಗಿ ಇನ್ಸುಲಿನ್ ಬಿಡುತ್ತದೆ. ಅದನ್ನು ಹಾಕಿದ ದಿನ ಬೆಳಗಾವಿಯ ನನ್ನ ಡಾಕ್ಟರು ಒಂದೇ ಮಾತು ಹೇಳಿದ್ದರು: ಶುಗರ್ ಹತೋಟಿಯಲ್ಲಿದ್ದರೆ ಮಗು ಉಳಿಯುತ್ತದೆ. ತಪ್ಪಿದರೆ ಏನಾಗುತ್ತದೆಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಬಸುರಿನ ಐದನೆಯ ತಿಂಗಳವರೆಗೆ ಎಲ್ಲವೂ ಸುರಳೀತ ನಡೆಯಿತು. ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೆ, ಹುಡುಗರನ್ನು ಬೈಯುತ್ತಿದ್ದೆ, ಊಟವನ್ನು ಅಳೆದು ತೂಗಿ ಉಣ್ಣುತ್ತಿದ್ದೆ. ಆಮೇಲೆ ಕಾಲು ಬಾತವು, ಬಿ.ಪಿ. ಏರಿತು, ವಿಶ್ರಾಂತಿ ಬೇಕೇ ಬೇಕು ಎಂದರು. ಪೀರನವಾಡಿಯ ನಮ್ಮ ಮನೆ ಮೇಲಿನ ಮಹಡಿಯಲ್ಲಿದೆ, ಲಿಫ್ಟು ಇಲ್ಲ, ಗಂಡ ಆಫೀಸಿಗೆ ಹೋದರೆ ನಾನೊಬ್ಬಳೇ. ನನ್ನ ತಾಯಿ ತೀರಿಕೊಂಡು ಬಹಳ ವರ್ಷಗಳಾಗಿವೆ. ಸುದ್ದಿ ಕೇಳಿ ಖಾನಾಪುರದಿಂದ ಅತ್ತೆ ಬಂದರು.

"ಒಬ್ಬಾಕಿನ ಕುಂತು ಇಲ್ಲೇನ್ ಮಾಡ್ತಿ? ನಡೀ ನಮ್ಮ ಮನಿಗೆ. ನಾ ಅದೀನಲ್ಲ?" ಎಂದು ನನ್ನ ಬಟ್ಟೆಗಳನ್ನು ತಾವೇ ಚೀಲಕ್ಕೆ ತುಂಬಿದರು.

ಅತ್ತೆ ಎಂದರೆ ಗಟ್ಟಿ ಹೆಂಗಸು. ಮನೆಯ ಮುಂದಿನ ಪಡಸಾಲೆಯಲ್ಲಿ ಶೇಂಗಾ ಚಟ್ನಿ, ಶ್ಯಾವಿಗೆ, ಹಪ್ಪಳ ಮಾಡಿಸಿ ಬೆಳಗಾವಿಯ ಅಂಗಡಿಗಳಿಗೆ ಕಳಿಸುತ್ತಾರೆ. ಮುಂಜಾನೆಯಿಂದ ಸಂಜೆಯವರೆಗೆ ಆ ಮನೆಯಲ್ಲಿ ಹೆಂಗಸರ ಸಂತೆ. ನಾಲ್ಕು ಮಾತು ಕನ್ನಡದಲ್ಲಿ ಶುರುವಾಗಿ ಮರಾಠಿಯಲ್ಲಿ ಮುಗಿಯುತ್ತವೆ. ನನಗೂ ಅವರಿಗೂ ಅದುವರೆಗೆ ಜಗಳವಾದದ್ದಿದ್ದರೆ ಒಂದೇ ವಿಷಯಕ್ಕೆ, ಮುಸುರಿ. ಬೇಯಿಸಿದ ಅನ್ನ, ರೊಟ್ಟಿ, ಸಾರು ಮುಟ್ಟಿದ ಕೈಯಲ್ಲಿ ಹಾಲು ಮೊಸರು ಮುಟ್ಟಬಾರದು, ಉಪ್ಪಿನಕಾಯಿ ಮುಟ್ಟಬಾರದು, ಕೈ ತೊಳೆಯದೆ ಫ್ರಿಜ್ಜಿನ ಬಾಗಿಲನ್ನೂ ಮುಟ್ಟಬಾರದು. ನಮ್ಮ ತವರಿನಲ್ಲಿ ಈ ಮುಸುರಿ ಅಜ್ಜಿಯ ಜೊತೆಗೇ ಹೋಯಿತು. ಇಲ್ಲಿ ಅದು ಗಟ್ಟಿಮುಟ್ಟಾಗಿ ಬದುಕಿತ್ತು. ಮದುವೆಯಾದ ಹೊಸದರಲ್ಲಿ ನಾನು ಸಾರಿನ ಸೌಟು ಹಿಡಿದ ಕೈಯಲ್ಲೇ ಮೊಸರಿನ ಗಡಿಗೆ ಎತ್ತಿ, ಅಷ್ಟೂ ಮೊಸರನ್ನು ಕೆಲಸದವರಿಗೆ ಹಂಚುವ ಹಾಗೆ ಮಾಡಿದ್ದೆ.

ಇನ್ಸುಲಿನ್ ಬಾಟಲಿಗಳನ್ನು ಅವರ ಕೈಗೇ ಕೊಟ್ಟೆ. "ತಣ್ಣಗ ಇರಬೇಕ್ರಿ ಅತ್ತಿ. ಬಿಸಿ ಆದ್ರ ಕೆಡ್ತಾವ," ಎಂದೆ. ಅವರು ಫ್ರಿಜ್ಜಿನ ಬಾಗಿಲಿನ ಒಂದು ಖಾನೆಯನ್ನು ಖಾಲಿ ಮಾಡಿ, ಒರೆಸಿ, ಸಾಲಾಗಿ ನಿಲ್ಲಿಸಿದರು. ದೇವರ ಜಗುಲಿಯ ಮೇಲೆ ಮೂರ್ತಿ ಇಟ್ಟ ಹಾಗೆ ಇಟ್ಟರು. ನನಗೆ ನಗು ಬಂತು.

ಬೆಳಗಾವಿಯಲ್ಲಿ ತುಂಬಿಸಿಕೊಂಡು ಹೋಗಿದ್ದ ಇನ್ಸುಲಿನ್ ಪಂಪಿನಲ್ಲಿ ಇರುವವರೆಗೆ ಏನೂ ಆಗಲಿಲ್ಲ. ಅದು ಮುಗಿದು, ಫ್ರಿಜ್ಜಿನಲ್ಲಿದ್ದ ಬಾಟಲಿಯಿಂದ ಹೊಸದಾಗಿ ತುಂಬಿಸಿದ ಮೇಲೆ ಶುಗರ್ ಏರತೊಡಗಿತು. ಬೆಳಗಿನ ಉಪ್ಪಿಟ್ಟಿಗೆ ಮುಂಚೆಯೇ ಇನ್ನೂರು, ಊಟದ ಮೇಲೆ ಮುನ್ನೂರು ದಾಟುತ್ತಿತ್ತು.

ಪಂಪು ಹಾಕಿಕೊಂಡವರಿಗೆ ಇದಕ್ಕೊಂದು ಪಾಠ ಇದೆ, ನನಗದು ಬಾಯಿಪಾಠ. ಮೊದಲು ಹೊಟ್ಟೆಯ ಮೇಲಿನ ಪಟ್ಟಿ ನೋಡಬೇಕು, ಎದ್ದಿದೆಯೇ, ಒದ್ದೆಯಾಗಿದೆಯೇ ಎಂದು. ಮೂಸಿ ನೋಡಬೇಕು, ಸೋರಿದ ಇನ್ಸುಲಿನ್ ದವಾಖಾನೆಯ ವಾಸನೆ ಹೊಡೆಯುತ್ತದೆ. ನಳಿಕೆಯಲ್ಲಿ ಗಾಳಿಯ ಗುಳ್ಳೆ ಸೇರಿದೆಯೇ, ಎಲ್ಲಾದರೂ ಮಡಚಿಕೊಂಡಿದೆಯೇ ಎಂದು ಬೆಳಕಿಗೆ ಹಿಡಿದು ನೋಡಬೇಕು. ಏನೂ ಸಿಗದಿದ್ದರೆ ಎಲ್ಲವನ್ನೂ ಕಿತ್ತು ಹೊಸದಾಗಿ ಹಾಕಬೇಕು. ಹೊಸ ನಳಿಕೆ, ಹೊಟ್ಟೆಯ ಮೇಲೆ ಹೊಸ ಜಾಗ, ಹೊಸ ಬಾಟಲಿ. ಅದಕ್ಕೂ ಇಳಿಯದಿದ್ದರೆ ಪಂಪನ್ನು ನಂಬದೆ ಸಿರಿಂಜಿನಿಂದ ಚುಚ್ಚಿಕೊಳ್ಳಬೇಕು.

ಇಷ್ಟನ್ನೂ ಮಾಡಿದೆ. ನಳಿಕೆ ಬದಲಿಸಿದೆ. ಎಡಗಡೆ ಇದ್ದದ್ದನ್ನು ಬಲಗಡೆಗೆ ಹಾಕಿದೆ. ಫ್ರಿಜ್ಜಿನಿಂದ ಇನ್ನೊಂದು ಬಾಟಲಿ ತೆಗೆದು, ಬೆಳಕಿಗೆ ಹಿಡಿದೆ. ಗಾಜಿನ ಹಾಗೆ ತಿಳಿಯಾಗಿತ್ತು, ತಾರೀಖೂ ಮುಗಿದಿರಲಿಲ್ಲ. ಸಿರಿಂಜಿನಿಂದ ಚುಚ್ಚಿಕೊಂಡರೆ ಶುಗರ್ ಒಂದಿಷ್ಟು ಇಳಿದಂತೆ ಮಾಡಿ ಮತ್ತೆ ಮೇಲೆ ಹೋಗುತ್ತಿತ್ತು.

ಡಾಕ್ಟರಿಗೆ ಫೋನು ಮಾಡಿದೆ. "ಹೊಸಾ ಬಾಟಲಿ ಹಾಕಿದ್ರೇನು?" ಎಂದು ಕೇಳಿದರು. ಹಾಕಿದೆ ಎಂದೆ. "ಹಂಗಾರ ಬಸುರಿಂದ ಇರ್ತದರೀ. ಈ ತಿಂಗಳದಾಗ ಎಲ್ಲಾರಿಗೂ ಏರ್ತದ. ಡೋಸ್ ಜಾಸ್ತಿ ಮಾಡ್ರಿ. ಇಳೀಲಿಲ್ಲಂದ್ರ ಬಂದು ಭೇಟಿ ಆಗ್ರಿ." ಡೋಸ್ ಏರಿಸಿದೆ. ಏರಿಸುತ್ತಲೇ ಹೋದೆ. ತೂತು ಕೊಡದಲ್ಲಿ ನೀರು ತುಂಬಿದ ಹಾಗಾಯಿತು ನನ್ನ ಕೆಲಸ.

ಯಂತ್ರ ಸರಿ ಇದೆ, ಔಷಧ ಸರಿ ಇದೆ ಎಂದಮೇಲೆ ಉಳಿದದ್ದು ನನ್ನ ಬಾಯಿ. ಅದೇ ಹೊತ್ತಿಗೆ ಕುಬಸವೂ, ಎಂದರೆ ಸೀಮಂತವೂ, ಬಂತು. ಹಸಿರು ಸೀರೆ, ಹಸಿರು ಬಳೆ, ಮಡಿಲಿಗೆ ಅಕ್ಕಿ ಕೊಬ್ಬರಿ, ಓಣಿಗೆಲ್ಲ ಹೋಳಿಗೆ. ನಾನು ಉಂಡದ್ದು ಅರ್ಧ ರೊಟ್ಟಿ, ಒಂದಿಷ್ಟು ಪಲ್ಯ. ಮರುದಿನ ಹಪ್ಪಳ ಒತ್ತಲು ಬರುವ ಪಕ್ಕದ ಮನೆಯಾಕೆ ನನ್ನ ಮುಖ ನೋಡಿ, ನನ್ನ ಎದುರಿಗೇ, ಅತ್ತೆಗೆ ಹೇಳಿದಳು: "ಗೋಡ ಖಾಲ್ಲ ಅಸಣಾರ." ಸಿಹಿ ತಿಂದಿರಬೇಕು ಎಂದು. ಬೆಳಗಾವಿಯಲ್ಲಿ ಹುಟ್ಟಿ ಬೆಳೆದವಳಿಗೆ ಮರಾಠಿ ತಿಳಿಯುವುದಿಲ್ಲ ಎಂದುಕೊಂಡಿದ್ದಳಲ್ಲ, ಆ ಬುದ್ಧಿಗೆ ಏನೆನ್ನಬೇಕು! "ಖಾಲ್ಲ ನಾಹೀ," ತಿಂದಿಲ್ಲ ಎಂದು ಅವಳ ಭಾಷೆಯಲ್ಲೇ ಕಿರುಚಿದೆ. ಅದರಿಂದ ಅನುಮಾನ ಇನ್ನಷ್ಟು ಗಟ್ಟಿಯಾಯಿತು. ಬಿದ್ದವರಿಗೆ ಆಳಿಗೊಂದು ಕಲ್ಲು.

ದಿನಾ ಖಾನಾಪುರದಿಂದಲೇ ಬೆಳಗಾವಿಯ ಆಫೀಸಿಗೆ ಓಡಾಡುತ್ತಿದ್ದ ನನ್ನ ಗಂಡ ಕೂಡ ಒಂದು ಸಂಜೆ ಬಾಜು ಬಂದು ಕೂತು, ದನಿ ಇಳಿಸಿ ಕೇಳಿದರು: "ಖರೇ ಹೇಳು. ಏನರ ತಿಂದಿಯೇನು? ನಾ ಸಿಟ್ಟಾಗಂಗಿಲ್ಲ."

ಸಿಟ್ಟಾಗುವ ಸರದಿ ನನ್ನದು. ಮೀಟರನ್ನು ಅವರ ಮಡಿಲಿಗೆ ಎಸೆದೆ. "ಇದರಾಗ ಬರೇ ಶುಗರ್ ಬರ್ತದರೀ, ಕಳ್ಳತನ ಬರಂಗಿಲ್ಲ!" ಎಂದೆ. ಅವರು ಮತ್ತೆ ಕೇಳಲಿಲ್ಲ. ಆದರೆ ಅಡುಗೆಮನೆಯ ಬೆಲ್ಲದ ಡಬ್ಬಿ ಮೇಲಿನ ಅಟ್ಟಕ್ಕೆ ಹೋಯಿತು. ಯಾರು ಇಟ್ಟರೆಂದು ನಾನು ವಿಚಾರಿಸಲಿಲ್ಲ. ನಾಲಿಗೆ ಒಣಗಿ ಅಂಗುಳಕ್ಕೆ ಅಂಟುತ್ತಿತ್ತು, ನೀರು ಕುಡಿದು ಕುಡಿದು ಸಾಕಾಗುತ್ತಿತ್ತು. ನಾನು ಹೆದರಿದ್ದೆ. ನನಗಲ್ಲ, ಒಳಗೆ ಒದೆಯುತ್ತಿದ್ದ ಆ ಜೀವಕ್ಕೆ.

ಒಂದು ಬೆಳಿಗ್ಗೆ ವಾಂತಿ ಶುರುವಾಯಿತು. ಮೂತ್ರದಲ್ಲಿ ಅದ್ದಿದ ಕೀಟೋನ್ ಪಟ್ಟಿ ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿತು. ಹಾಗಾದರೆ ರಕ್ತ ಹುಳಿಯಾಗುತ್ತಿದೆ ಎಂದರ್ಥ, ಮನೆಯಲ್ಲಿ ಮಾಡುವ ಮದ್ದು ಇನ್ನು ಇಲ್ಲ. ಗಂಡ ಕಾರು ತೆಗೆದರು. ಅತ್ತೆ ಹಿಂದಿನ ಸೀಟಿನಲ್ಲಿ ನನ್ನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತರು. ಉಸಿರು ಎಳೆದೆಳೆದು ಬರುತ್ತಿತ್ತು. ಬೆಳಗಾವಿಯ ದಾರಿಯಲ್ಲಿ ದೇಸೂರ ದಾಟುವಾಗ ಮಗು ಒಮ್ಮೆ ಒದೆಯಿತು. "ಅತ್ತಿ, ಒದೀತು," ಎಂದೆ. ಅವರು ನನ್ನ ಹೊಟ್ಟೆಯ ಮೇಲೆ ಕೈಯಿಟ್ಟರು. ಆಮೇಲೆ ಅದು ಒದೆಯಲಿಲ್ಲ.

ಆಸ್ಪತ್ರೆಯಲ್ಲಿ ಪಂಪು ತೆಗೆದು, ಅವರದೇ ಇನ್ಸುಲಿನ್ ಅನ್ನು ರಕ್ತನಾಳಕ್ಕೆ ಹಚ್ಚಿದರು. ಅಷ್ಟು ದಿನ ಯಾರ ಮಾತೂ ಕೇಳದ ಶುಗರ್ ಗಂಟೆಗಂಟೆಗೂ ಇಳಿಯುತ್ತ ಬಂತು. ಸ್ಕ್ಯಾನ್ ಮಾಡುವಾಕೆ ಹೊಟ್ಟೆಯ ಮೇಲೆ ಯಂತ್ರವನ್ನು ಅತ್ತ ಇತ್ತ ಆಡಿಸಿದಳು, ಇನ್ನೊಬ್ಬರನ್ನು ಕರೆದಳು, ಇಬ್ಬರೂ ಪರದೆಯನ್ನೇ ನೋಡಿದರು. ಹೇಳುವ ಮೊದಲೇ ನನಗೆ ಗೊತ್ತಾಯಿತು. ಸತ್ತ ಮಗುವನ್ನೂ ಹೆರಬೇಕಾಗುತ್ತದೆ. ಹೆತ್ತೆ. ಹೆಣ್ಣು ಎಂದರು. ಗಂಡ ಬಟ್ಟೆಯಲ್ಲಿ ಸುತ್ತಿದ್ದನ್ನು ಎತ್ತಿಕೊಂಡು ಹೋಗಿ ಮಣ್ಣು ಮಾಡಿ ಬಂದರು. ನಾನು ಮುಖ ನೋಡಿದೆ. ಅದನ್ನು ಬರೆಯುವ ಶಕ್ತಿ ಈಗಲೂ ನನಗಿಲ್ಲ.

ವಾರ್ಡಿಗೆ ಬಂದ ಮೇಲೆ ಪಂಪು ಮತ್ತೆ ಹಾಕಿದರು, ಆಸ್ಪತ್ರೆಯ ಔಷಧದಂಗಡಿಯಿಂದ ತಂದ ಬಾಟಲಿಯಿಂದ ತುಂಬಿಸಿ. ಅದೇ ಪಂಪು, ಅದೇ ಹೊಟ್ಟೆ. ಶುಗರ್ ಏರಲಿಲ್ಲ. ಮಗು ಹೋದಮೇಲೆ ಮೈ ಸಡಿಲಾಗಿದೆ, ಅದಕ್ಕೇ ಇರಬೇಕು ಎಂದುಕೊಂಡೆ.

ಮಧ್ಯಾಹ್ನ ಅತ್ತೆ ಊರಿಗೆ ಹೋಗಿ ಬಂದರು, ನನ್ನ ಬಟ್ಟೆಬರೆಯ ಜೊತೆಗೆ ಒಂದು ಸ್ಟೀಲಿನ ಡಬ್ಬಿ. ಮುಚ್ಚಳ ತೆಗೆದರು. ಉಳಿದಿದ್ದ ಇನ್ಸುಲಿನ್ ಬಾಟಲಿಗಳು.

"ನಿನ್ನ ಔಷಧ ತಂದೀನಿ ನೋಡವ್ವಾ," ಎಂದರು. "ಜ್ವಾಪಾನ ಮಾಡೀನಿ. ಒಂದಕ್ಕೂ ಮುಸುರಿ ತಾಗಗೊಟ್ಟಿಲ್ಲ. ರಾತ್ರಿ ಉಳದ ಅನ್ನ ಸಾರು ಫ್ರಿಜ್ಜಿನ್ಯಾಗ ಇಡೂ ಮುಂದ, ದಿನಾ ಇವನ್ನ ತಗದು ಮ್ಯಾಲಿನ ಬರ್ಫಿನ ಖಾನ್ಯಾಗ ಇಡ್ತಿದ್ದೆ. ಅಲ್ಲಿ ಮುಸುರಿ ಹೋಗಂಗಿಲ್ಲ. ಮುಂಜಾನೆ ಎದ್ದು, ಖಾನಾ ಒರಿಸಿ, ಮತ್ತ ಬಾಗಲದಾಗ ಇಡ್ತಿದ್ದೆ. ಕಲ್ಲಾಗಿರ್ತಿದ್ವು. ನೀ ಏಳೂದ್ರಾಗ ಕರಗಿರ್ತಿದ್ವು. ಹೊಟ್ಟ್ಯಾಗಿನ ಕೂಸಿಗೆ ಹೋಗೂ ಔಷಧ, ಮುಸುರಿ ತಾಗಿದ್ರ ಹೆಂಗ?"

ನಾನು ಬಾಟಲಿಗಳನ್ನೇ ನೋಡುತ್ತಿದ್ದೆ. ಬರ್ಫಿನ ಖಾನೆ ಎಂದರೆ ಫ್ರೀಜರು. ಇನ್ಸುಲಿನ್ ಒಮ್ಮೆ ಹೆಪ್ಪುಗಟ್ಟಿದರೆ ಮುಗಿಯಿತು. ಕರಗಿದ ಮೇಲೆ ನೋಡಲು ಮೊದಲಿನ ಹಾಗೆಯೇ ತಿಳಿಯಾಗಿರಬಹುದು, ಆದರೆ ಅದರ ಕಸುವನ್ನು ನಂಬುವ ಹಾಗಿಲ್ಲ. ಹೊಸ ಬಾಟಲಿ, ಹೊಸ ಬಾಟಲಿ ಎಂದು ನಾನು ತೆಗೆದದ್ದೆಲ್ಲ ಅದೇ ಸಾಲಿನವು.

ಅತ್ತೆ ನನ್ನ ಕೂದಲು ಸರಿಮಾಡಿದರು. "ಆದದ್ದು ಆತು. ಬಾಯಿಚಪಲ ಯಾರಿಗಿಲ್ಲ? ನಾ ಯಾರ ಮುಂದೂ ಅನ್ನಂಗಿಲ್ಲ. ಮುಂದಿನ ಸಲ ಸ್ವಲ್ಪ ಬಾಯಿ ಕಟ್ಟು, ಅಷ್ಟ."

ಅವರು ನನ್ನನ್ನು ಕ್ಷಮಿಸುತ್ತಿದ್ದರು. ನನ್ನ ಮೈಯೆಲ್ಲ ಉರಿಯಿತು.

"ಬರ್ಫಿನ್ಯಾಗ ಇಟ್ರ ಆ ಔಷಧ ಸಾಯ್ತದರೀ ಅತ್ತಿ," ಎಂದೆ. "ನಾ ಏನೂ ತಿಂದಿಲ್ಲ. ಇಷ್ಟು ದಿನ ನಾ ಚುಚ್ಚಿಕೊಂಡಿದ್ದು ಬರೇ ನೀರು."

ಅವರಿಗೆ ಕೂಡಲೇ ತಿಳಿಯಲಿಲ್ಲ. "ಸಾಯ್ತದ?" ಎಂದು ಕೇಳಿದರು. ನಾನು ಹೂಂ ಎಂದೆ. ಡಬ್ಬಿಯಿಂದ ಒಂದೊಂದೇ ಬಾಟಲಿ ಎತ್ತಿ ಬೆಳಕಿಗೆ ಹಿಡಿದು ನೋಡಿದರು. ಪಕ್ಕದ ಹಾಸಿಗೆಯಾಕೆಗೆ ಊಟ ಬಂತು, ತಟ್ಟೆ ಖಾಲಿಯಾಯಿತು.

"ನಿನ್ನ ಗಂಡಗ ಹೇಳಿಯೇನು?"

"ಇಲ್ರಿ. ನನಗ ಈಗ ತಿಳೀತು."

"ನೀ ಹೇಳಬ್ಯಾಡ," ಎಂದರು. ಮುಚ್ಚಿಡು ಎನ್ನುತ್ತಿದ್ದಾರೆ ಎಂದುಕೊಂಡು ನಾನು ಮುಖ ತಿರುಗಿಸಿದೆ. ಅಷ್ಟರಲ್ಲಿ ಗಂಡ ಚಹಾ ತೆಗೆದುಕೊಂಡು ಒಳಗೆ ಬಂದರು. ಅತ್ತೆ ಎದ್ದು ನಿಂತರು. ಮಗನ ಎದುರಿಗೆ ಅವರು ಎದ್ದು ನಿಂತದ್ದನ್ನು ನಾನು ಅದೇ ಮೊದಲು ನೋಡಿದ್ದು.

"ಇಕಿ ಏನೂ ತಿಂದಿಲ್ಲಪ್ಪಾ," ಎಂದರು. "ಓಣ್ಯಾಗೂ ನಾನ ಹೇಳ್ತೀನಿ. ಔಷಧ ಬರ್ಫಿನ್ಯಾಗ ಇಟ್ಟು ಕೆಡಿಸಿದಾಕಿ ನಾನು. ಕೂಸಿನ್ನ ಕೊಂದಾಕಿ ನಾನು, ಇಕಿ ಅಲ್ಲ."

ಗಂಡ ನನ್ನ ಮುಖ ನೋಡಿದರು. ಹಂಗ ಅನಬ್ಯಾಡ್ರಿ ಅತ್ತಿ, ನಿಮಗೇನು ಗೊತ್ತಿತ್ತು ಎಂದು ನಾನು ಅನ್ನುವುದನ್ನು ಅವರು ಕಾಯುತ್ತಿದ್ದರು. ಅತ್ತೆಯೂ ಕಾಯುತ್ತಿದ್ದರೇನೋ. ಆ ಮಾತು ನನ್ನ ಬಾಯಿಯವರೆಗೆ ಬಂದಿತ್ತು. ನಾನು ಅನ್ನಲಿಲ್ಲ.