ಏನು ದುಡಿದಿದ್ದೀರಿ, ಹೇಳಿ

ಕಚೇರಿಯ ಮೆಟ್ಟಿಲ ಕೆಳಗೆ ಟೈಪ್‌ರೈಟರ್ ಇಟ್ಟುಕೊಂಡು, ಕಂಡವರಿಗೆಲ್ಲ ಇಂಗ್ಲಿಷಿನಲ್ಲಿ ಅರ್ಜಿ ಬರೆದುಕೊಡುವ ಮುದುಕರಿಗೆ ಅರ್ಜಿ ಮೇಷ್ಟ್ರು ಎಂದೇ ಹೆಸರು. ಬಂದವರೆಲ್ಲ ಹೇಳುವುದು ಒಂದೇ ಮಾತು: "ಸಾಹೇಬರ ಕರುಳು ಚುರ್ ಅನ್ನೋ ಹಾಗೆ ಬರೀರಿ." ಮೇಷ್ಟ್ರು ಕನ್ನಡಕ ಒರೆಸಿ, ನಿಟ್ಟುಸಿರು ಬಿಟ್ಟು, ನಲವತ್ತು ವರ್ಷದ ಹಳೇ ಪಾಠವನ್ನು ಮತ್ತೆ ಒಪ್ಪಿಸುತ್ತಾರೆ. "ದಯೆಗೆ ಇಂಗ್ಲಿಷಿನವರು ಮರ್ಸಿ ಅಂತಾರೆ. ಅದರ ಬೇರು ಲ್ಯಾಟಿನ್ನಲ್ಲಿದೆ, ಅಲ್ಲಿ ಅದಕ್ಕೆ ಕೂಲಿ ಅಂತ ಅರ್ಥ. ಚರ್ಚಿನವರ ಬಾಯಲ್ಲಿ ಅದು ದೇವರು ಕೊಡೋ ಕೂಲಿ ಆಯ್ತು, ಆಮೇಲೆ ದಯೆ ಆಯ್ತು. ಅಂದ್ಮೇಲೆ ಅದು ಭಿಕ್ಷೆ ಅಲ್ಲ. ಏನು ದುಡಿದಿದ್ದೀರಿ, ಹೇಳಿ." ಕೆಲಸ ಕಳಕೊಂಡ ಜವಾನನೂ ಅಳು ನಿಲ್ಲಿಸಿ ದುಡಿದದ್ದನ್ನು ನೆನೆಯಬೇಕು. ಆಸ್ಪತ್ರೆಯ ಆಯಾ "ನೆಲ ಒರೆಸಿದ್ದೀನಿ" ಎಂದರೆ ಸಾಲದು. ಎಷ್ಟು ವಾರ್ಡು, ದಿನಕ್ಕೆ ಎಷ್ಟು ಬಕೆಟ್ಟು, ಮೆಟ್ಟಿಲೂ ಸೇರಿತ್ತೇ ಎಂದು ಕೇಳಿ ಕೇಳಿ ಜೀವ ಹಿಂಡುತ್ತಾರೆ. "ಇವರ ಹತ್ತಿರ ಅರ್ಜಿ ಬರೆಸೋದಕ್ಕಿಂತ ಇನ್ನೊಂದು ಜನ್ಮ ದುಡಿಯೋದು ವಾಸಿ" ಎಂದು ಎದುರಿನ ಟೀ ಅಂಗಡಿಯವಳು ನಗುತ್ತಾಳೆ. ಈಗ ಮೆಟ್ಟಿಲ ಕೆಳಗಿನ ಜಾಗ ಖಾಲಿ ಮಾಡಿ ಎಂದು ಮೇಷ್ಟ್ರಿಗೇ ನೋಟೀಸು ಬಂದಿದೆ. ತಮಗಾಗಿ ಅವರು ಸಿಕ್ಕಿಸಿದ ಹಾಳೆ ಒಂದು ವಾರದಿಂದ ಟೈಪ್‌ರೈಟರಿನಲ್ಲೇ ಇದೆ. ಮರ್ಸಿ ಕೋರುವ ಒಂದು ಸಾಲು ಬಿಟ್ಟರೆ ಉಳಿದದ್ದೆಲ್ಲ ಬಿಳಿ. ನಿನ್ನೆ ಟೀ ಲೋಟ ಇಡುತ್ತ ಅಂಗಡಿಯವಳು, "ಏನು ದುಡಿದಿದ್ದೀರಿ, ಹೇಳಿ ಮೇಷ್ಟ್ರೇ" ಎಂದು ಕೆಣಕಿದಳು. ಮೇಷ್ಟ್ರು ಆ ಹಾಳೆಯತ್ತ ಬೆರಳು ತೋರಿಸಿದರು. "ಇಷ್ಟು ವರ್ಷ ಬರೆದಿದ್ದೆಲ್ಲ ಬೇರೆಯವರ ದುಡಿಮೆ ಕಣಮ್ಮಾ. ನಂದು ಅಂತ ಏನು ಹಾಕ್ಲಿ?"