ಚಟ್ನಿ ಡಬ್ಬಿಯ ರೆಗ್ಯುಲೇಟರು

ಅಲ್ಯುಮಿನಿಯಂ ಡಬ್ಬಿಗೆ ಒಮ್ಮೆ ಶೇಂಗಾ ಚಟ್ನಿಯ ವಾಸನೆ ಹಿಡಿಯಿತೆಂದರೆ ಹುಣಸೆಹಣ್ಣು ಹಚ್ಚಿ ತಿಕ್ಕಿದರೂ ಬಿಡುವುದಿಲ್ಲ; ಹಿಡಿದದ್ದನ್ನು ಬಿಡದಿರುವುದರಲ್ಲಿ ಆ ಡಬ್ಬಿಯದೂ ನನ್ನದೂ ಒಂದೇ ಗೋತ್ರ. ಅವ್ವನ ಅಂಥದೊಂದು ಡಬ್ಬಿಗೆ ತೂತು ಕೊರೆದು, ಒಳಗೆ ಟ್ರಾನ್ಸಿಸ್ಟರು ಕೂರಿಸಿ, ಅವಳದೇ ಹಳೆಯ ಕಾರಿಗೆ ನಾನು ವೋಲ್ಟೇಜ್ ರೆಗ್ಯುಲೇಟರು ಮಾಡಿದೆ. ನಗಬೇಡಿ, ಲೋಹದ ಡಬ್ಬಿಯಾದರೆ ಒಳಗಿನ ಬಿಸಿ ಹೊರಗೆ ಹೋಗುತ್ತದೆ. ಅದಕ್ಕೇ ಅಡುಗೆಮನೆಗೆ ಕೈ ಹಾಕಿದ್ದು.

ಅವ್ವ ಖಾನಾಪುರದಲ್ಲಿ ದಾದಿಯಾಗಿದ್ದಳು. ಹೆರಿಗೆಯ ಕರೆ ಬಂದರೆ ತಾನೇ ಕಾರು ಓಡಿಸಿಕೊಂಡು ಜಾಂಬೋಟಿ ಕಡೆಯ ಹಳ್ಳಿಗಳಿಗೆ ಹೋಗುತ್ತಿದ್ದಳು. ಪಕ್ಕದ ಸೀಟಿನಲ್ಲಿ ರೊಟ್ಟಿಯ ಗಂಟು ಮತ್ತು ಈ ಡಬ್ಬಿ. ಗದ್ದೆಯ ತಿರುವಿನಲ್ಲಿ ದೀಪ ಕಂಡರೆ ಸಾಕು, ‘ಬಾಯಿ ಆಲ್ಯಾ’, ‘ಬಾಯಾರು ಬಂದ್ರು’ ಎಂದು ಮರಾಠಿ, ಕನ್ನಡ ಎರಡರಲ್ಲೂ ಸುದ್ದಿ ಓಡುತ್ತಿತ್ತು. ಅವಳು ತೀರಿಹೋದ ಮೇಲೆ ಆ ದೀಪವೂ ಕೈಕೊಟ್ಟಿತು. ಹಳೆಯ ಡೈನಮೊ ವೇಗ ಹೆಚ್ಚಿದಷ್ಟೂ ಕರೆಂಟು ಚೆಲ್ಲುವ ಧಾರಾಳಿ; ಅದಕ್ಕೆ ಮೂಗುದಾರ ಹಾಕುವ ರೆಗ್ಯುಲೇಟರು ತುಕ್ಕು ಹಿಡಿದು, ಬಲ್ಬುಗಳು ಸುಟ್ಟುಹೋಗುತ್ತಿದ್ದವು. ಹೊಸದು ಎಲ್ಲೂ ಸಿಗಲಿಲ್ಲ. ಕಾರಿನಲ್ಲಿ ಅರ್ಧ ಪಾಲುದಾರನಾದ ಅಣ್ಣ, ಮಾರಿಬಿಡೋಣವೆಂದು ಗಿರಾಕಿಯನ್ನೇ ಗೊತ್ತುಮಾಡಿ ಬಂದ. ನಾನು ಜಗಳ ತೆಗೆದು ಒಪ್ಪಂದಕ್ಕೆ ಎಳೆದೆ: ಮಳೆಯಲ್ಲಿ ದೀಪ, ವೈಪರ್ ಎಲ್ಲ ಹಚ್ಚಿಕೊಂಡು ಕಾರು ಜಾಂಬೋಟಿ ಮುಟ್ಟಿದರೆ ನಮ್ಮದು, ಇಲ್ಲವಾದರೆ ಗಿರಾಕಿಯದು.

ಡೈನಮೊವನ್ನು ವಾಷಿಂಗ್ ಮಷೀನಿನ ಹಳೇ ಮೋಟಾರಿಗೆ ಬೆಲ್ಟು ಹಾಕಿ ಮನೆಯಲ್ಲೇ ತಿರುಗಿಸಿದೆ. ಮೊದಲ ಟ್ರಾನ್ಸಿಸ್ಟರು ಹೊಗೆಯಾಯಿತು, ಎರಡನೆಯದೂ ಆ ಹಿರಿಯನ ದಾರಿಯನ್ನೇ ಹಿಡಿದ ತಮ್ಮನಾಯಿತು. ಕರೆಂಟು ತಪ್ಪಿಸಿದ ಗಳಿಗೆ ಡೈನಮೊದ ಸುರುಳಿ ಎಮ್ಮೆಯ ಹಾಗೆ ಒದೆಯುತ್ತದೆಂದು ತಿಳಿದ ಮೇಲೆ, ಒದೆ ತಡೆಯಲು ಒಂದು ಡಯೋಡು ಕಟ್ಟಿದೆ. ಮೀಟರಿನ ಮುಳ್ಳು ಅಲ್ಲಾಡದೆ ನಿಂತಿತು.

ಆದರೆ ಬೆಳಗಾವಿಯ ಆಟೋ ನಗರದ ಗ್ಯಾರೇಜಿನಲ್ಲಿ ಬೇರಿಂಗ್ ಬದಲಿಸಿ, ಡೈನಮೊ ಕಾರಿಗೆ ಕೂರಿಸಿ, ರಾಮತೀರ್ಥ ನಗರದ ನಮ್ಮ ಮನೆಯ ಮುಂದೆ ಚಾಲೂ ಮಾಡಿದರೆ ಡ್ಯಾಶ್‌ಬೋರ್ಡಿನ ಕೆಂಪು ದೀಪ ಆರಲೇ ಇಲ್ಲ. ಅದು ಉರಿಯುತ್ತಿದೆಯೆಂದರೆ ಡೈನಮೊ ಸುಮ್ಮನಿದೆ ಎಂದರ್ಥ.

“ಸಾಕು ಬಿಡವಾ. ಗಿರಾಕಿಗೆ ಫೋನ್ ಮಾಡ್ತೀನಿ,” ಎಂದ ಅಣ್ಣ.

“ಮಾಡಬ್ಯಾಡ. ಜರಾ ಕುಂದ್ರು.”

ಡೈನಮೊ ಬರಿಗೈಯಲ್ಲಿ ಕೆಲಸ ಶುರುಮಾಡಲಾರದು. ಅದರ ಕಬ್ಬಿಣದಲ್ಲಿ ಹಿಂದಿನ ಕಾಂತಶಕ್ತಿ ಚೂರಾದರೂ ಉಳಿದಿರಬೇಕು. ಆ ಹಳೆಯ ನೆನಪನ್ನು ಹಿಡಿದುಕೊಂಡೇ ಅದು ಹೊಸ ಕರೆಂಟು ಹುಟ್ಟಿಸುತ್ತದೆ. ಬಿಚ್ಚಿ ಬಡಿದು ಕೂರಿಸುವಾಗ ಆ ನೆನಪು ಅಳಿಸಿಹೋಗಿರಬೇಕೆಂದು ಹೊಳೆಯಿತು. ನಾವೂ ಅಷ್ಟೇ ಅಲ್ಲವೇ, ಮರೆತಿದ್ದೇವೆಂದರೆ ಯಾರಾದರೂ ಒಮ್ಮೆ ಮುಟ್ಟಿ ಎಚ್ಚರಿಸಬೇಕು. ರೆಗ್ಯುಲೇಟರಿನ ತಂತಿ ಬಿಚ್ಚಿ, ಬ್ಯಾಟರಿಯ ತಂತಿಯನ್ನು ಸುರುಳಿಗೆ ತಾಗಿಸಿ ತೆಗೆದೆ. ಚಿಟ್ಟನೆ ಕಿಡಿ ಹಾರಿತು. ಎಲ್ಲ ಜೋಡಿಸಿ ಮತ್ತೆ ಚಾಲೂ ಮಾಡಿದಾಗ ಕೆಂಪು ದೀಪ ಆರಿತು.

ಜಾಂಬೋಟಿಯ ರಸ್ತೆಯಲ್ಲಿ ಮಳೆ ಕೊಡಗಟ್ಟಲೆ ಸುರಿಯಿತು. ಕಾರಿನಲ್ಲಿದ್ದದ್ದನ್ನೆಲ್ಲ ಹಚ್ಚಿದೆ. ನಾನು ರಸ್ತೆ ನೋಡುತ್ತ, ಅಣ್ಣ ಮೀಟರಿನ ಮುಳ್ಳು ಕಾಯುತ್ತ ಸಾಗಿದೆವು. ಒಮ್ಮೆಲೇ ಅವನು ಮೂಗು ಅರಳಿಸಿದ.

“ಶೇಂಗಾ ಚಟ್ನಿ ವಾಸನಿ ಎಲ್ಲಿಂದ ಬರಾಕತ್ತೈತಿ?”

ಡ್ಯಾಶ್‌ಬೋರ್ಡಿನ ಕೆಳಗೆ ತಡಕಾಡಿ ಡಬ್ಬಿ ಮುಟ್ಟಿದ. ಕೆಲಸ ಮಾಡಿ ಮಾಡಿ ಅದು ಬೆಚ್ಚಗಾಗಿತ್ತು.

“ಅವ್ವನ ಡಬ್ಬಿ ಅಲಾ ಇದು?”

“ಹೌದಣ್ಣಾ.”

ಜಾಂಬೋಟಿ ಬಂತು. ಗದ್ದೆಯ ತಿರುವಿನಲ್ಲಿ ಅವನು ಫೋನ್ ತೆಗೆದ. “ಗಾಡಿ ಕೊಡಂಗಿಲ್ರೀ,” ಎಂದ ಗಿರಾಕಿಗೆ. ನನ್ನ ಕಣ್ಣು ತುಂಬಿತು. ಕಾರಿನ ವೈಪರು ಗಾಜನ್ನಷ್ಟೇ ಒರೆಸುತ್ತದೆ, ನೋಡಿ. ಅಣ್ಣ ಫೋನನ್ನು ಕಿಸೆಗಿಟ್ಟು ಮತ್ತೆ ಡಬ್ಬಿಯ ಮೇಲೆ ಕೈಯಿಟ್ಟ. ಬೆಳಗಾವಿ ಮುಟ್ಟುವ ತನಕ ತೆಗೆಯಲಿಲ್ಲ.